ಒಬ್ರೇ ಹೋಗೋವಾಗ ಕಾರ್ ಮನೇಲಿ ಬಿಡಿ: ಮಲೆನಾಡಲ್ಲಿ ಬಸ್ಸು ರೈಲು ನೆಚ್ಕೊಂಡು ಓಡಾಡೋದು ಹೇಗೆ

ನಮ್ಮೂರು ಶಿವಮೊಗ್ಗ–ತೀರ್ಥಹಳ್ಳಿ ರೋಡಲ್ಲಿ ಮಂಡಗದ್ದೆ ದಾಟಿ ಒಳಗೆ ಮೂರು ಕಿಲೋಮೀಟರ್. ಕೆಲಸ ಶಿವಮೊಗ್ಗದಲ್ಲಿ. ಸುಮಾರು ಎರಡು ವರ್ಷ ನಾನು ದಿನಾ ಕಾರಲ್ಲೇ ಹೋಗಿ ಬಂದೆ, ಒಬ್ನೇ, ಉಳಿದ ನಾಲ್ಕು ಸೀಟು ಖಾಲಿ. ಆಗ ನಮ್ಮೂರಿಗೆ ಒಂದು ಹಾಲ್ಟ್ ಬಸ್ ಇತ್ತು, ಸಂಜೆ ಶಿವಮೊಗ್ಗದಿಂದ ಬಂದು ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಮೊದಲ್ನೇ ಟ್ರಿಪ್ ಹೊರಡ್ತಿತ್ತು, ಕಾಲೇಜ್ ಮಕ್ಕಳು, ಅಂಗನವಾಡಿ ಟೀಚರ್, ಆಸ್ಪತ್ರೆಗೆ ಹೋಗೋ ವಯಸ್ಸಾದವರು ಎಲ್ರಿಗೂ ಅದೇ ಆಧಾರ. ಒಂದು ಮಳೆಗಾಲದಲ್ಲಿ ಅದು ನಿಂತು ಹೋಯ್ತು. ಆಮೇಲೊಂದಿನ ಅದೇ ಬಸ್ಸಿನ ಕಂಡಕ್ಟರ್ ಪೇಟೇಲಿ ಸಿಕ್ಕಿದ್ರು, ಎಂತಕ್ಕೆ ಮಾರಾಯ್ರೆ ನಿಲ್ಸಿದ್ದು ಅಂತ ಕೇಳ್ದೆ. ಅವ್ರು ಹೇಳಿದ್ದು ಇಷ್ಟೇ, "ಕಲೆಕ್ಷನ್ ಎಲ್ಲುಂಟು ಸರ್, ಮುಂಚೆ ನಿಮ್ಮೂರಿಂದ ಮೂವತ್ತು ಟಿಕೆಟ್ ಹರೀತಿದ್ದೆ, ಕೊನೆಕೊನೆಗೆ ಎಂಟು. ಎಲ್ರ ಮನೇಲೂ ಕಾರ್ ಬಂತು, ಬೈಕ್ ಬಂತು. ಡೀಸೆಲ್ ದುಡ್ಡೂ ಹುಟ್ಟಲ್ಲ."

ಆ ಮೂವತ್ತರಲ್ಲಿ ಕಮ್ಮಿ ಆದ ಟಿಕೆಟಲ್ಲಿ ಒಂದು ನಂದು. ಅವತ್ತಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಕಾರ್ ಮಾರಿಬಿಡಿ ಅಂತ ನಾನು ಯಾರಿಗೂ ಹೇಳ್ತಿಲ್ಲ, ನಮ್ಮನೇಲೂ ಇನ್ನೂ ಕಾರ್ ಇದೆ. ಒಬ್ರೇ ಹೋಗೋ ಟ್ರಿಪ್ ಇದ್ಯಲ್ಲ, ಅದನ್ನ ಬಸ್ಸಿಗೋ ರೈಲಿಗೋ ಹಾಕಿ ಅಂತ ಮಾತ್ರ ಕೇಳ್ಕೊಳ್ತಿದೀನಿ. ಮಲೆನಾಡಲ್ಲಿ ಅದು ಬೆಂಗಳೂರಿನಷ್ಟು ಸಲೀಸಲ್ಲ, ಹತ್ತು ನಿಮಿಷಕ್ಕೊಂದು ಬಸ್ ಇಲ್ಲಿಲ್ಲ, ಅದಕ್ಕೆ ಸ್ವಲ್ಪ ತಯಾರಿ ಬೇಕು. ನಾನು ಮಾಡ್ಕೊಂಡ ತಯಾರಿ ಹೇಗಿತ್ತು ಅಂತ ಒಂದೊಂದಾಗಿ ಬರೀತೀನಿ.

ಮೊದಲು ಒಂದು ತಿಂಗಳು ಲೆಕ್ಕ ಬರೀರಿ

ಒಂದು ಹಳೇ ನೋಟ್‌ಬುಕ್ ಕಾರಲ್ಲೇ ಇಟ್ಬಿಡಿ. ಪ್ರತಿ ಸಲ ಕಾರ್ ತೆಗೆದಾಗ ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಜನ ಇದ್ರಿ, ಲಗೇಜ್ ಇತ್ತಾ ಇಲ್ವಾ, ಇಷ್ಟು ಬರೀರಿ ಸಾಕು. ತಿಂಗಳ ಕೊನೆಗೆ ನೋಡಿ, ಒಬ್ರೇ ಹೋಗಿದ್ದು ಎಷ್ಟು ಸಲ ಅಂತ. ನನ್ನ ನೋಟ್‌ಬುಕ್ಕಲ್ಲಿ ಹತ್ತಕ್ಕೆ ಎಂಟು ಸಲ "1 ಜನ" ಅಂತಾನೇ ಇತ್ತು.

ಆಮೇಲೆ ದುಡ್ಡಿನ ಲೆಕ್ಕ. ನಾವೆಲ್ಲ ಪೆಟ್ರೋಲ್ ಒಂದನ್ನೇ ಲೆಕ್ಕ ಹಾಕ್ತೀವಿ, ಅದು ಅರ್ಧ ಲೆಕ್ಕ. 8 ಲಕ್ಷದ ಕಾರು, ಹತ್ತು ವರ್ಷ ಓಡ್ಸಿ 2 ಲಕ್ಷಕ್ಕೆ ಕೊಟ್ರಿ ಅಂತ ಹಿಡ್ಕೊಳ್ಳಿ, ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡ್ತು ಅಂದ್ರೆ ಕಾರಿನ ಬೆಲೆನೇ ಕಿಲೋಮೀಟರಿಗೆ 3 ರೂಪಾಯಿ ಬಿತ್ತು. ಇನ್ಶೂರೆನ್ಸು, ಸರ್ವಿಸ್ಸು, ಟೈರು ಎಲ್ಲ ಸೇರಿ ವರ್ಷಕ್ಕೆ 40 ಸಾವಿರ ಅಂದ್ರೆ ಇನ್ನೊಂದು 2 ರೂಪಾಯಿ. ಪೆಟ್ರೋಲ್ ಲೀಟರಿಗೆ 100 ಅಂತಿಟ್ಕೊಂಡು, ನಮ್ಮ ಏರು ಇಳಿತದ ರೋಡಲ್ಲಿ 14 ಮೈಲೇಜ್ ಕೊಟ್ರೆ 7 ರೂಪಾಯಿ. ಒಟ್ಟು 12. ನಂಗೆ ಹೋಗಿ ಬರೋಕೆ ಹತ್ರತ್ರ 70 ಕಿಲೋಮೀಟರ್, ದಿನಕ್ಕೆ 840 ರೂಪಾಯಿ ಆಯ್ತು. ಲೋನ್ ಬಡ್ಡಿ ಇದ್ರಲ್ಲಿ ಸೇರಿಸಿಲ್ಲ. ಇದೇ ದೂರಕ್ಕೆ ಬಸ್ಸಲ್ಲಿ ಎರಡೂ ಕಡೆ ಸೇರಿ ನೂರು ರೂಪಾಯಿ ಆಸುಪಾಸು.

ಕಾರ್ ಹೆಂಗೂ ತಗೊಂಡಾಗಿದೆ, ಆ 3 ರೂಪಾಯಿ ನಿಂತಲ್ಲೇ ನಿಂತ್ರೂ ಹೋಗೋದೇ ಅಲ್ವಾ ಅಂತ ನೀವು ಕೇಳ್ಬಹುದು. ಸರಿ, ಬಿಟ್ಬಿಡಿ ಅದನ್ನ. ಬರೀ ಪೆಟ್ರೋಲ್ ಹಿಡಿದ್ರೂ ದಿನಕ್ಕೆ 490, ತಿಂಗಳಿಗೆ 25 ದಿನ ಅಂದ್ರೆ 12 ಸಾವಿರ ದಾಟ್ತದೆ. ಬಸ್ಸಿಗೆ ಎರಡೂವರೆ ಸಾವಿರ. ಅದೇ ಮನೇಲಿ ನಾಲ್ಕೈದು ಜನ ಸೇರಿ ಮದುವೆಗೆ ಹೊರಟ್ರೆ ಕಾರ್ ಮತ್ತು ಬಸ್ ಖರ್ಚು ಹೆಚ್ಚುಕಮ್ಮಿ ಒಂದೇ ಆಗ್ತದೆ, ಆಗ ಕಾರಲ್ಲೇ ಹೋಗಿ, ನಾನು ಬೇಡ ಅನ್ನಲ್ಲ.

ಇನ್ನೊಂದು ಲೆಕ್ಕ ನಂಗೆ ದುಡ್ಡಿಗಿಂತ ಜಾಸ್ತಿ ತಟ್ಟಿದ್ದು. ಘಾಟಿ ಕಡೆ ಬಸ್ಸು ಒಂದು ಲೀಟರ್ ಡೀಸೆಲ್‌ಗೆ 4 ಕಿಲೋಮೀಟರ್ ಹೋಯ್ತು ಅಂತಿಟ್ಕೊಳ್ಳಿ, ಒಳಗೆ 40 ಜನ ಇದ್ರೆ ಆ ಒಂದು ಲೀಟರ್ 40 ಜನರನ್ನ 4 ಕಿಲೋಮೀಟರ್ ಸಾಗಿಸ್ತು. ನನ್ನ ಕಾರು ಒಂದು ಲೀಟರಲ್ಲಿ ಒಬ್ಬನ್ನ 14 ಕಿಲೋಮೀಟರ್. ಅಂದ್ರೆ 160ಕ್ಕೆ 14. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರ್ತದೆ, ನನ್ನೊಬ್ಬನ ಓಡಾಟಕ್ಕೆ ದಿನಕ್ಕೆ 11 ಕೆಜಿಗಿಂತ ಜಾಸ್ತಿ ಆಗ್ತಿತ್ತು. ಕಾರು ಜಾಸ್ತಿ ಆದಂಗೆ ರೋಡ್ ಅಗಲ ಮಾಡ್ಬೇಕು ಅಂತಾರೆ, ಅಗಲ ಮಾಡೋಕೆ ರೋಡ್ ಬದಿ ಮರ ಕಡೀತಾರೆ. ನಮ್ಮ ಕಡೆ ರೋಡ್ ಬದಿ ಮರ ಅಂದ್ರೆ ಅಜ್ಜನ ಕಾಲದ ಮಾವು, ಹಲಸು, ಧೂಪ.

ಸುಲಭದ್ದರಿಂದ ಶುರು ಮಾಡಿ: ಬೆಂಗಳೂರು

ದಿನದ ಓಡಾಟ ಒಂದೇ ಸಲಕ್ಕೆ ಬದಲಾಯಿಸೋಕೆ ಹೋಗ್ಬೇಡಿ, ವಾರದಲ್ಲೇ ಬೇಜಾರಾಗಿ ಬಿಡ್ತೀರಿ. ಮೊದಲು ಬೆಂಗಳೂರು ಟ್ರಿಪ್ಪನ್ನ ರೈಲಿಗೆ ಹಾಕಿ. ಶಿವಮೊಗ್ಗದಿಂದ ಬೆಂಗಳೂರಿಗೆ ರೋಡಲ್ಲಿ ಸುಮಾರು 300 ಕಿಲೋಮೀಟರ್, ಪೆಟ್ರೋಲೇ ಎರಡು ಸಾವಿರದ ಮೇಲೆ, ಟೋಲ್ ಬೇರೆ, ಜೊತೆಗೆ ನೆಲಮಂಗಲದಿಂದ ಮುಂದಿನ ಟ್ರಾಫಿಕ್. ಬೆಳಗಿನ ಜಾವ ಶಿವಮೊಗ್ಗ ಟೌನ್ ಸ್ಟೇಷನ್ನಿಂದ ಜನಶತಾಬ್ದಿ ಹತ್ತಿದ್ರೆ ಆಫೀಸ್ ಟೈಮಿಗೆ ಬೆಂಗಳೂರಲ್ಲಿ ಇರ್ತೀರಿ, ಸೆಕೆಂಡ್ ಸಿಟ್ಟಿಂಗ್ ಟಿಕೆಟ್ ಆ ಪೆಟ್ರೋಲ್ ದುಡ್ಡಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ತಾಳಗುಪ್ಪದಿಂದ ಬರೋ ಇಂಟರ್‌ಸಿಟಿ ಇದೆ, ರಾತ್ರಿ ಮಲ್ಕೊಂಡು ಹೋಗೋರಿಗೆ ತಾಳಗುಪ್ಪ–ಮೈಸೂರು ಗಾಡಿ ಇದೆ, ಅದು ಬೆಂಗಳೂರು ಮೇಲೇ ಹೋಗೋದು.

ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ಓಪನ್ ಆಗ್ತದೆ, 2024ರ ನವೆಂಬರಿಗೆ ಮೊದಲು 120 ದಿನ ಇತ್ತು. ದಸರಾ ದೀಪಾವಳಿ ಟೈಮಲ್ಲಿ ಊರಿಗೆ ಬರೋರು ಕ್ಯಾಲೆಂಡರಲ್ಲಿ ಎರಡು ತಿಂಗಳು ಹಿಂದಿನ ತಾರೀಕಿಗೆ ಒಂದು ಗುರುತು ಹಾಕಿಟ್ಕೊಳ್ಳಿ. ರೈಲಲ್ಲಿ ಹಿರಿಯ ನಾಗರಿಕರ ರಿಯಾಯ್ತಿ 2020ರ ಮಾರ್ಚಲ್ಲೇ ನಿಲ್ಸಿದಾರೆ, ಅಪ್ಪ ಅಮ್ಮನ ಟಿಕೆಟ್ ಮಾಡೋವಾಗ ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ಸರ್ಕಾರಿ ಬಸ್ಸಲ್ಲಿ 60 ದಾಟಿದವರಿಗೆ ಶೇಕಡಾ 25 ರಿಯಾಯ್ತಿ ಇದೆ.

ಸಾಗರದ ಕಡೆಯೋರಿಗೆ ಒಂದು ಮಾತು. ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ, ಈ ಲೈನಲ್ಲಿ ಒಂದು ಕಾಲದಲ್ಲಿ ಮೀಟರ್ ಗೇಜ್ ಮೇಲೆ ರೈಲ್ ಬಸ್ ಓಡ್ತಿತ್ತು, ಅದರಲ್ಲಿ ಕೂತು ಹೋದವರು ಇನ್ನೂ ಅದರ ಮಾತಾಡ್ತಾರೆ. ಬ್ರಾಡ್ ಗೇಜ್ ಆಗಿ ತಾಳಗುಪ್ಪದ ತನಕ ದೊಡ್ಡ ರೈಲು ಬಂದಿದ್ದು 2011ರ ಹೊತ್ತಿಗೆ. ಇಷ್ಟು ಕಾದು ಸಿಕ್ಕಿದ್ದು ಅದು. ಸಾಗರದಿಂದ ಶಿವಮೊಗ್ಗಕ್ಕೆ ಬರೋಕೂ ಟೈಮ್ ಹೊಂದಿದ್ರೆ ಅದನ್ನೇ ಹತ್ತಿ, ಜನರಲ್ ಟಿಕೆಟ್ ಮೊಬೈಲಲ್ಲೇ ತೆಗೀಬಹುದು, ಕೌಂಟರ್ ಮುಂದೆ ನಿಲ್ಲೋದೂ ಬೇಡ.

ಬಸ್ ಟೈಮು ಕಾಗದದ ಮೇಲೆ ಬರ್ಕೊಳ್ಳಿ

ನಮ್ಮ ಕಡೆ ಬಸ್ಸಿನ ಟೈಮ್ ಯಾವ ಆ್ಯಪಲ್ಲೂ ಪೂರ್ತಿ ಸಿಗಲ್ಲ, ಅದರಲ್ಲೂ ಪ್ರೈವೇಟ್ ಬಸ್ಸಿಂದು. ಹಂಗಾಗಿ ಒಂದು ದಿನ ಒಂದರ್ಧ ಗಂಟೆ ಬಿಡುವು ಮಾಡ್ಕೊಂಡು ಸ್ಟ್ಯಾಂಡಿಗೇ ಹೋಗಿ. ಶಿವಮೊಗ್ಗದಲ್ಲಿ ಸರ್ಕಾರಿ ಸ್ಟ್ಯಾಂಡೂ ಪ್ರೈವೇಟ್ ಸ್ಟ್ಯಾಂಡೂ ಹತ್ರತ್ರನೇ ಇವೆ, ಎರಡೂ ಕಡೆ ಕೇಳಿ. ಸರ್ಕಾರಿ ಕಡೆ ಕಂಟ್ರೋಲರ್ ರೂಮಲ್ಲಿ ಹೇಳ್ತಾರೆ. ಪ್ರೈವೇಟ್ ಕಡೆ ಏಜೆಂಟ್ ಇರ್ತಾರೆ, ಅವರಿಗಿಂತ ಚೆನ್ನಾಗಿ ಗೊತ್ತಿರೋದು ಸ್ಟ್ಯಾಂಡ್ ಪಕ್ಕದ ಅಂಗಡಿಯವರಿಗೆ, ವರ್ಷಗಟ್ಲೆಯಿಂದ ಅದೇ ಬಸ್ಸುಗಳನ್ನ ನೋಡ್ತಾ ಕೂತಿರ್ತಾರೆ. ನಿಮ್ಮೂರ ಕ್ರಾಸಲ್ಲೂ ಒಂದು ಹೋಟ್ಲೋ ಕಿರಾಣಿ ಅಂಗಡಿನೋ ಇರ್ತದಲ್ಲ, ಅಲ್ಲೂ ಕೇಳಿ.

ಕೇಳಬೇಕಾದ್ದು ಇಷ್ಟು. ಬೆಳಿಗ್ಗೆ ಮೊದಲ್ನೇ ಬಸ್ ಎಷ್ಟೊತ್ತಿಗೆ, ಸಂಜೆ ಲಾಸ್ಟ್ ಬಸ್ ಎಷ್ಟೊತ್ತಿಗೆ, ಲಾಸ್ಟ್ ಬಸ್ಸಿಗೆ ಮುಂಚೆ ಇರೋದು ಯಾವುದು. ಈ ಮೂರನೇದು ಮುಖ್ಯ. ಲಾಸ್ಟ್ ಬಸ್ಸನ್ನೇ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ, ಅದರ ಹಿಂದಿನ ಬಸ್ಸಿಗೆ ಪ್ಲಾನ್ ಮಾಡಿ, ತಪ್ಪಿದ್ರೆ ಲಾಸ್ಟ್ ಬಸ್ ಕೈಲಿರ್ತದೆ. ಆಮೇಲೆ ಭಾನುವಾರ ಟ್ರಿಪ್ ಇದ್ಯಾ, ಶಾಲೆಗೆ ರಜ ಬಂದಾಗ ಇದ್ಯಾ ಅಂತಾನೂ ಕೇಳಿ, ಮಕ್ಕಳಿಲ್ಲ ಅಂದ್ರೆ ಕೆಲವು ಟ್ರಿಪ್ ಕಟ್ ಮಾಡ್ತಾರೆ. ಎಲ್ಲ ಒಂದು ಕಾಗದದಲ್ಲಿ ಬರೆದು ಅಡಿಗೆಮನೆ ಬಾಗಿಲಿಗೆ ಅಂಟಿಸಿ, ಫೋಟೋ ತೆಗೆದು ಮನೆಯವರಿಗೆಲ್ಲ ಕಳ್ಸಿ.

ಹತ್ತೋ ಮುಂಚೆ ಬೋರ್ಡ್ ನೋಡಿ ಸಾಲಲ್ಲ, ವಯಾ ಕೇಳಿ, ನಿಮ್ಮ ಸ್ಟಾಪ್ ಕೊಡ್ತಾರಾ ಅಂತಾನೂ ಕೇಳಿ. ತೀರ್ಥಹಳ್ಳಿ ಎಕ್ಸ್‌ಪ್ರೆಸ್ ಹತ್ತಿ ಸಣ್ಣ ಕ್ರಾಸಲ್ಲಿ ಇಳೀತೀನಿ ಅಂದ್ರೆ ಎಲ್ರೂ ನಿಲ್ಸಲ್ಲ. ಚಿಲ್ಲರೆ ಇಟ್ಕೊಳ್ಳಿ. ಸ್ಕ್ಯಾನ್ ಮಾಡಿ ಕೊಡೋದು ಬಂದಿದ್ರೂ ನಮ್ಮ ಕಾಡೊಳಗೆ ನೆಟ್‌ವರ್ಕ್ ಹೋದ್ರೆ ಮುಗೀತು.

ಹೆಂಗಸರಿಗೆ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರ್ಸಿದ್ರೆ ಸರ್ಕಾರಿ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ಸೊನ್ನೆ ಟಿಕೆಟ್ ಕೊಡ್ತಾರೆ, ಅದನ್ನ ಮರೀದೆ ಇಸ್ಕೊಳ್ಳಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ, ಪ್ರೈವೇಟ್ ಬಸ್ಸಿಗೂ ಇಲ್ಲ. ನಮ್ಮ ಮಲೆನಾಡಲ್ಲಿ ಎಷ್ಟೋ ಒಳರೂಟಲ್ಲಿ ಇರೋದೇ ಪ್ರೈವೇಟ್ ಬಸ್, ಅಲ್ಲಿಯ ಹೆಂಗಸರಿಗೆ ಈ ಯೋಜನೆ ಪೇಪರಲ್ಲಿ ಓದೋಕಷ್ಟೇ ಇದೆ, ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷಯ. ಮಕ್ಕಳ ಸರ್ಕಾರಿ ಬಸ್ ಪಾಸಿಗೆ ಸೇವಾ ಸಿಂಧು ಪೋರ್ಟಲಲ್ಲಿ ಅರ್ಜಿ ಹಾಕೋದು, ಶಾಲೆ ಶುರುವಾದ ಮೊದಲ ವಾರದಲ್ಲೇ ಹಾಕಿ.

ಕ್ರಾಸಿಂದ ಮನೆಗೆ

ಎಲ್ರೂ ಸೋಲೋದು ಇಲ್ಲೇ. ಬಸ್ಸು ಮೇನ್ ರೋಡಲ್ಲಿ ಇಳಿಸಿ ಹೋಗ್ತದೆ, ಮನೆ ಒಳಗೆ ಎರಡೋ ಮೂರೋ ಐದೋ ಕಿಲೋಮೀಟರ್, ಕತ್ತಲೆ, ಮಳೆ, ಇಂಬಳ (ಜಿಗಣೆ). ಇದಕ್ಕೊಂದು ದಾರಿ ಮಾಡ್ಕೊಳ್ದೆ ಬಸ್ಸಿಗೆ ಇಳಿದ್ರೆ ನಾಲ್ಕನೇ ದಿನ ಮತ್ತೆ ಕಾರ್ ಕೀ ಕೈಗೆ ಬರ್ತದೆ.

ನಾನು ಮಾಡಿದ್ದು, ಕ್ರಾಸಲ್ಲಿರೋ ಅಂಗಡಿಯವರ ಹತ್ರ ಮಾತಾಡಿ ಅವರ ಶೀಟ್ ಕೆಳಗೆ ಬೈಕ್ ನಿಲ್ಸೋದು. ದುಡ್ಡು ಬೇಡ ಅಂದ್ರು, ನಾನು ಮನೆಗೆ ಬೇಕಾದ ಬೆಲ್ಲ ಸೋಪು ಎಲ್ಲ ಅಲ್ಲೇ ತಗೊಳ್ತೀನಿ. ಬೈಕ್ ಓಡ್ಸದೇ ಇರೋರು ಆ ಕಡೆ ಓಡಾಡೋ ಎರಡು ಆಟೋದವರ ನಂಬರ್ ಇಟ್ಕೊಳ್ಳಿ, ಒಂದಲ್ಲ ಎರಡು, ಮತ್ತೆ ಬಸ್ ಹತ್ತಿದ ತಕ್ಷಣ ಫೋನ್ ಮಾಡಿ ಇಷ್ಟೊತ್ತಿಗೆ ಬರ್ತೀನಿ ಅಂತ ಹೇಳಿ, ಇಳಿದ ಮೇಲೆ ಅಲ್ಲ. ಅದೇ ಬಸ್ಸಲ್ಲಿ ನಿಮ್ಮೂರವರೇ ಇನ್ನೂ ಇಬ್ರು ಮೂವರು ಇರ್ತಾರೆ, ಆಟೋ ದುಡ್ಡು ಹಂಚ್ಕೊಳ್ಬಹುದು. ಮಳೆಗಾಲದಲ್ಲಿ ದೊಡ್ಡ ಕೊಡೆ, ಟಾರ್ಚು, ಬ್ಯಾಗಿಗೆ ಪ್ಲಾಸ್ಟಿಕ್ ಕವರ್, ಒಂದು ಜೊತೆ ಒಣಗಿದ ಬಟ್ಟೆ ಕೆಲಸದ ಜಾಗದಲ್ಲೇ. ನಡೆಯೋರು ಒಂದು ಸಣ್ಣ ಡಬ್ಬೀಲಿ ಉಪ್ಪು ಇಟ್ಕೊಂಡ್ರೆ ಇಂಬಳಕ್ಕೆ ಅಷ್ಟೇ ಸಾಕು.

ಶಿವಮೊಗ್ಗ ಒಳಗೆ ಸಿಟಿ ಬಸ್ ಇದೆ, ಆಟೋ ಇದೆ. ದುರ್ಗಿಗುಡೀಲೋ ಗಾಂಧಿ ಬಜಾರಲ್ಲೋ ಕಾರ್ ನಿಲ್ಸೋಕೆ ಜಾಗ ಹುಡುಕ್ತಾ ಸುತ್ತೋ ಟೈಮಲ್ಲಿ ಸ್ಟ್ಯಾಂಡಿಂದ ನಡ್ಕೊಂಡೇ ತಲುಪ್ತೀರಿ.

ಮಳೆಗಾಲ ಮತ್ತು ಘಾಟಿ

ಮಳೆಗಾಲದಲ್ಲೇ ಕಾರ್ ಬೇಕು ಅಂತ ಎಲ್ರೂ ಹೇಳ್ತಾರೆ. ನಂಗೆ ಮಳೆಗಾಲದಲ್ಲೇ ಬಸ್ ಬೇಕು. ಒಂದು ಜುಲೈಲಿ ಸಂಜೆ ಆರೂವರೆಗೆ ಗಾಜನೂರು ದಾಟಿ ಬರ್ತಿದ್ದೆ, ವೈಪರ್ ಪೂರ್ತಿ ಸ್ಪೀಡಲ್ಲಿಟ್ರೂ ಮುಂದೆ ಹತ್ತಡಿ ಕಾಣ್ತಿಲ್ಲ, ಒಂದು ತಿರುವಲ್ಲಿ ರೋಡಿಗೆ ಅಡ್ಡ ಬಿದ್ದ ಮರದ ಕೊಂಬೆ ಬಾನೆಟ್ ಹತ್ರ ಬಂದಾಗಲೇ ಕಂಡಿದ್ದು. ಬ್ರೇಕ್ ಹಿಡೀತು, ಎಂತದೂ ಆಗ್ಲಿಲ್ಲ. ಆದ್ರೆ ಮನೆಗೆ ಬಂದ ಮೇಲೂ ಒಂದು ಗಂಟೆ ಕೈ ನಡುಗ್ತಿತ್ತು. ದಿನಾ ಅದೇ ರೋಡಲ್ಲಿ ವರ್ಷಗಟ್ಲೆ ಓಡ್ಸಿರೋ ಡ್ರೈವರ್ ಎತ್ತರದ ಸೀಟಲ್ಲಿ ಕೂತು ನೋಡೋದೇ ಬೇರೆ. ಎಲ್ಲಿ ನೀರು ನಿಲ್ತದೆ, ಎಲ್ಲಿ ಧರೆ ಕುಸೀತದೆ ಅಂತ ಅವರಿಗೆ ಗೊತ್ತಿರ್ತದೆ, ಎದುರಿಂದ ಬರೋ ಬಸ್ಸಿನವರು ಕೈ ಮಾಡಿ ಮುಂದೆ ಹಿಂಗಾಗಿದೆ ಅಂತ ಹೇಳಿಯೂ ಹೋಗ್ತಾರೆ.

ಕರಾವಳಿಗೆ ಹೋಗೋರು ಆಗುಂಬೆ ಘಾಟಿ ನೆನಪಿಟ್ಕೊಳ್ಳಿ. 14 ಹೇರ್‌ಪಿನ್ ತಿರುವು, ಬಹಳ ಕಿರಿದು, ಅದಕ್ಕೇ ಅಲ್ಲಿ ಮಿನಿ ಬಸ್‌ಗಳೇ ಓಡೋದು. ಮಳೆ ಜೋರಾದ ವರ್ಷ ಭಾರಿ ವಾಹನ ಬಿಡಲ್ಲ ಅಂತ ಜಿಲ್ಲಾಡಳಿತದ ಆದೇಶ ಬರ್ತದೆ, ಹೊರಡೋ ಹಿಂದಿನ ದಿನ ತೀರ್ಥಹಳ್ಳಿ ಸ್ಟ್ಯಾಂಡಿಗೆ ಫೋನ್ ಮಾಡಿ ಕೇಳಿ. ಸಿಗಂದೂರು ಕಡೆಯವರಿಗಂತೂ ಶರಾವತಿ ಹಿನ್ನೀರು ದಾಟೋಕೆ ಲಾಂಚ್ ಕಾಯೋದೇ ಒಂದು ಬದುಕಾಗಿತ್ತು, 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆಯ್ತು. ಸೇತುವೆ ಮೇಲೆ ಬರೀ ಟೂರಿಸ್ಟ್ ಕಾರ್ ಓಡಿದ್ರೆ ತುಮರಿ ಕಡೆಯ ಅಜ್ಜಿಗೆ ಎಂತ ಉಪಯೋಗ, ಆ ಹಿನ್ನೀರಾಚೆ ಊರುಗಳಿಗೆ ಬಸ್ಸಿನ ಟ್ರಿಪ್ ಜಾಸ್ತಿ ಆಗ್ಬೇಕು.

ಒಂದು ಸಂತೋಷಾನೂ ಹೇಳ್ಬೇಕು. ಗಾಜನೂರಿಂದ ಮಂಡಗದ್ದೆ ತನಕ ರೋಡಿನ ಪಕ್ಕದಲ್ಲೇ ತುಂಗೆ ಹರೀತಾಳೆ. ಮಳೆಗಾಲದಲ್ಲಿ ಮಂಡಗದ್ದೆ ಹತ್ರ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಮರ ಪೂರ್ತಿ ಬೆಳ್ಳಗೆ ಕಾಣ್ತದೆ. ಎರಡು ವರ್ಷ ದಿನಾ ಅದೇ ರೋಡಲ್ಲಿ ಕಾರ್ ಓಡ್ಸಿದ್ರೂ ನಾನು ಅದನ್ನ ಸರಿಯಾಗಿ ನೋಡಿರ್ಲಿಲ್ಲ, ಕಣ್ಣು ರೋಡ್ ಮೇಲಿರ್ಬೇಕಲ್ಲ. ಕಿಟಕಿ ಸೀಟ್ ಸಿಕ್ಕ ದಿನ ಈಗ ನೋಡ್ಕೊಂಡು ಬರ್ತೀನಿ.

ಲಗೇಜು

ಬಸ್ಸಲ್ಲಿ ಸಾಮಾನು ಹೆಂಗೆ ತರೋದು ಅನ್ನೋರಿಗೆ, ನಮ್ಮ ಹಿರಿಯರು ಹಲಸಿನಹಣ್ಣು, ಬಾಳೆಗೊನೆ, ಅಡಿಕೆ ಸಸಿ ಎಲ್ಲ ಬಸ್ಸಲ್ಲೇ ತಂದೋರು. ಕಂಡಕ್ಟರಿಗೆ ಮೊದಲೇ ಹೇಳಿ, ಲಗೇಜ್ ಚಾರ್ಜ್ ಕೊಡಿ, ಹಿಂದಿನ ಬಾಗಿಲ ಹತ್ರ ಇಡಿ. ಔಷಧಿ, ಪಂಪ್‌ಸೆಟ್ ಪಾರ್ಟು, ಹೂವು, ಇಂಥದ್ದಕ್ಕೆ ನೀವೇ ಹೋಗೋದೂ ಬೇಡ, ಪೇಟೆ ಅಂಗಡಿಯವರು ಬಸ್ಸಿಗೆ ಪಾರ್ಸೆಲ್ ಹಾಕಿ ಕಳಿಸ್ತಾರೆ, ನೀವು ಕ್ರಾಸಲ್ಲಿ ಇಸ್ಕೊಂಡ್ರಾಯ್ತು. ಅಡಿಕೆ ಮೂಟೆ ಮಂಡಿಗೆ ಹಾಕೋದಾದ್ರೆ ಗೂಡ್ಸ್ ಗಾಡಿನೇ ಮಾಡಿ.

ಬಸ್ಸೇ ಇಲ್ಲದ ಊರಿನವರು

ಕೊಪ್ಪದಲ್ಲಿ 1991ರಲ್ಲಿ ಬಸ್ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದ್ರು, ಬೇರೆ ಯಾರೂ ಬಸ್ ಹಾಕದ ಕಾಡು ಊರಿಗೆಲ್ಲ ಅವರ ಬಸ್ ಹೋಗ್ತಿತ್ತು. 2020ರಲ್ಲಿ ಅದು ನಿಂತು ಹೋಯ್ತು, ಅವರ ಬಸ್ಸನ್ನೇ ನಂಬಿದ್ದ ಊರಿನವರ ಪಾಡು ನೆನೆಸ್ಕೊಂಡ್ರೆ ಇವತ್ತೂ ಸಂಕಟ ಆಗ್ತದೆ. ಬಸ್ಸು ನಿಂತ ಮೇಲೆ ಅಳೋದಕ್ಕಿಂತ ಓಡ್ತಿರೋವಾಗ ಹತ್ತೋದು ಮೊದಲನೇ ಕೆಲಸ. ನಿಂತೇ ಹೋಗಿದ್ರೆ ಕೇಳೋದಕ್ಕೂ ಒಂದು ಕ್ರಮ ಇದೆ.

ಸರ್ಕಾರಿ ಬಸ್ ಬೇಕಂದ್ರೆ ಹತ್ತಿರದ ಡಿಪೋ ಮ್ಯಾನೇಜರಿಗೆ ಮತ್ತು ಶಿವಮೊಗ್ಗದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ. ಪ್ರೈವೇಟ್ ಬಸ್ಸಿಗೆ ರೂಟ್ ಪರ್ಮಿಟ್ ಕೊಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪರ್ಮಿಟ್ ಇಟ್ಕೊಂಡು ಬಸ್ ಓಡಿಸ್ತಿಲ್ಲ ಅಂದ್ರೆ ಅಲ್ಲಿಗೇ ದೂರು. ಅರ್ಜೀಲಿ "ನಮ್ಮೂರಿಗೆ ಬಸ್ ಬಿಡಿ" ಅಂತ ಒಂದು ಸಾಲು ಬರೆದ್ರೆ ಫೈಲಲ್ಲೇ ಕೂರ್ತದೆ. ನಾವು ಮನೆಮನೆಗೆ ಹೋಗಿ ಪಟ್ಟಿ ಮಾಡಿದ್ವಿ, ಕಾಲೇಜಿಗೆ ಹೋಗೋ ಮಕ್ಕಳು ಎಷ್ಟು, ಕೆಲಸಕ್ಕೆ ಹೋಗೋರು ಎಷ್ಟು, ಎಷ್ಟು ಗಂಟೆಗೆ ಪೇಟೆ ತಲುಪಬೇಕು, ಸಂಜೆ ಎಷ್ಟಕ್ಕೆ ವಾಪಸ್, ದಿನಕ್ಕೆ ಕಮ್ಮಿ ಅಂದ್ರೂ ಎಷ್ಟು ಟಿಕೆಟ್ ಆಗ್ತದೆ ಅಂತ. ಅದನ್ನ ಗ್ರಾಮಸಭೇಲಿ ಓದಿ ನಿರ್ಣಯ ಮಾಡ್ಸಿ, ನಿರ್ಣಯದ ಪ್ರತಿ ಅರ್ಜಿಗೆ ಲಗತ್ತಿಸಿ ಕೊಟ್ವಿ. ಸ್ವೀಕೃತಿ ಸೀಲ್ ಹಾಕ್ಸಿಕೊಳ್ಳದೆ ಆಫೀಸಿಂದ ಹೊರಗೆ ಬರ್ಬೇಡಿ, ಹದಿನೈದು ದಿನಕ್ಕೊಮ್ಮೆ ಅದೇ ಸೀಲ್ ಪ್ರತಿ ಹಿಡ್ಕೊಂಡು ಹೋಗಿ ಕೇಳ್ತಾ ಇರಿ.

ಪಟ್ಟೀಲಿ ಹೆಸರು ಬರ್ಸಿದೋರು ಬಸ್ ಬಂದ ಮೇಲೆ ಹತ್ತಲೇಬೇಕು ಅಂತ ನಾವು ಸಭೇಲೇ ಮಾತಾಡ್ಕೊಂಡಿದ್ವಿ. ಎಂಟು ತಿಂಗಳಾದ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಪ್ರಯೋಗಕ್ಕೆ ಅಂತ ಶುರು ಮಾಡಿದಾರೆ, ರಾತ್ರಿ ಹಾಲ್ಟ್ ಇನ್ನೂ ಇಲ್ಲ, ಭಾನುವಾರನೂ ಇಲ್ಲ. ಅದಾದ್ಮೇಲೆ ನನ್ನ ಬೈಕ್ ಮನೆ ಕೊಟ್ಟಿಗೇಲೇ ನಿಂತಿರ್ತದೆ. ಕಾರ್ ಹೊರಗೆ ಬರೋದು ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ, ರಾತ್ರಿ ಹೊತ್ತು ಊರಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದಾಗ. ಮೊನ್ನೆ ಸಂಜೆ ಬಸ್ಸಲ್ಲಿ ನಮ್ಮೂರಿಗೆ ಇಳಿದವರನ್ನ ಎಣಿಸ್ದೆ, ಹತ್ತೊಂಬತ್ತು ಜನ ಇದ್ವಿ.